ಕಣ್ಣಪ್ಪನ ನೀಲಾ, ಪಿಸ್ತೂಲು ಹಿಡಿದ ಉಷಾ: ಪಂಡರಿಬಾಯಿ ಅವರ ಎರಡು ಮುಖ

ದೆಹಲಿಯಲ್ಲಿರುವ ನಮಗೆ ಖಾಕಿ ತೊಟ್ಟ ಹೆಣ್ಣು ಹೊಸಬಳಲ್ಲ. ಮೆಟ್ರೋ ನಿಲ್ದಾಣದಲ್ಲಿ ಪರದೆಯ ಹಿಂದೆ ನಿಂತು ನಮ್ಮ ಬ್ಯಾಗು, ಕೈ, ಸೊಂಟ ತಪಾಸಣೆ ಮಾಡುವವಳು ಅವಳೇ. ಟ್ರಾಫಿಕ್ ಸಿಗ್ನಲ್‌ನಲ್ಲಿ ಸೀಟಿ ಊದುವವಳೂ ಅವಳೇ. ದೆಹಲಿ ಪೊಲೀಸ್ ಪಡೆಗೆ ಹೆಣ್ಣುಮಕ್ಕಳು ಸೇರಿದ್ದು 1948ರಲ್ಲಿ. ದೇಶದ ಮೊದಲ ಮಹಿಳಾ ಐಪಿಎಸ್ ಅಧಿಕಾರಿ ಕಿರಣ್ ಬೇಡಿ 1972ರಲ್ಲಿ ಸೇವೆಗೆ ಸೇರಿ ಹೆಸರು ಮಾಡಿದ್ದೂ ಈ ಊರಿನಲ್ಲೇ. 2019ರಲ್ಲಿ ‘ದೆಹಲಿ ಕ್ರೈಮ್’ ಸರಣಿ ಬಂದಾಗ ಶೆಫಾಲಿ ಶಾ ಅವರ ಡಿಸಿಪಿ ಪಾತ್ರವನ್ನು ನಾವೆಲ್ಲ ರಾತ್ರಿ ನಿದ್ದೆಗೆಟ್ಟು ನೋಡಿದೆವು. ತನಿಖೆಯನ್ನು ಒಬ್ಬ ಹೆಂಗಸು ನಡೆಸುತ್ತಿದ್ದಾಳೆ ಎಂಬುದು ನಮಗೆ ವಿಚಿತ್ರವೆನಿಸಲಿಲ್ಲ.

ಆದರೆ ನಮ್ಮ ಅಮ್ಮಂದಿರು ನೋಡುತ್ತಿದ್ದ ಪತ್ತೇದಾರಿ ಸಿನಿಮಾಗಳಲ್ಲಿ ಹೆಣ್ಣು ಎಲ್ಲಿದ್ದಳು? 1956ರ ಹಿಂದಿ ‘ಸಿ.ಐ.ಡಿ.’ ನೆನಪಿಸಿಕೊಳ್ಳಿ. ದೇವ್ ಆನಂದ್ ಇನ್ಸ್‌ಪೆಕ್ಟರ್. ಶಕೀಲಾ ಪೊಲೀಸ್ ಅಧಿಕಾರಿಯ ಮಗಳು. ವಹೀದಾ ರೆಹಮಾನ್ ಖಳನ ಕೈಯಾಳು. ನಮ್ಮ ಕನ್ನಡದಲ್ಲಿ 1968ರ ‘ಜೇಡರ ಬಲೆ’ಯಲ್ಲಿ ರಾಜ್‌ಕುಮಾರ್ ಸಿಐಡಿ 999. ಜಯಂತಿ ನಾಯಕಿ. ಹೆಣ್ಣು ಒಂದೋ ಕಾಪಾಡಿಸಿಕೊಳ್ಳಬೇಕು, ಇಲ್ಲವೇ ಕ್ಲಬ್ಬಿನಲ್ಲಿ ಕುಣಿದು ಗುಟ್ಟು ಕದಿಯಬೇಕು. ಪಿಸ್ತೂಲು ಹಿಡಿದು ತೀರ್ಮಾನ ಮಾಡುವ ಕೆಲಸ ಗಂಡಸಿನದು.

ಈ ಮಾತಿಗೆ ಅಪವಾದ ಹುಡುಕಿಕೊಂಡು ಹೋದಾಗ ನನಗೆ ಸಿಕ್ಕವರು ನಾನು ಕನಸಿನಲ್ಲೂ ಊಹಿಸದ ಒಬ್ಬರು. ಪಂಡರಿಬಾಯಿ! ಹೌದು, ಬೆಳ್ಳಿತೆರೆಯ ಅಮ್ಮ. ಹಣೆಯ ಮೇಲೆ ಅಗಲ ಕುಂಕುಮ, ಕಣ್ಣಂಚಿನಲ್ಲಿ ನೀರು, ಕೈಯಲ್ಲಿ ಆರತಿ ತಟ್ಟೆ ಹಿಡಿದ ಆ ಅಮ್ಮ ತಮ್ಮ ಯೌವನದಲ್ಲಿ ದಕ್ಷಿಣ ಭಾರತದ ಮೊದಮೊದಲ ಥ್ರಿಲ್ಲರ್ ಒಂದರಲ್ಲಿ ಗಂಡನ ಎದುರು ಪಿಸ್ತೂಲು ಎತ್ತಿದ್ದರು. ಅವರ ಬದುಕನ್ನು ಈ ಒಂದು ಕಿಟಕಿಯಿಂದ ನೋಡುವ ಪ್ರಯತ್ನ ಇದು.

ಭಟ್ಕಳದ ಹರಿಕಥೆಯ ಹುಡುಗಿ

ಪಂಡರಿಬಾಯಿ ಹುಟ್ಟಿದ್ದು 1920ರ ದಶಕದ ಕೊನೆಯ ಹೊತ್ತಿಗೆ, ಭಟ್ಕಳದಲ್ಲಿ. ಆಗ ಉತ್ತರ ಕನ್ನಡ ಜಿಲ್ಲೆ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಹುಟ್ಟಿದಾಗ ಇಟ್ಟ ಹೆಸರು ಗೀತಾ. ಮನೆಯಲ್ಲಿ ನಾಟಕ, ಸಂಗೀತ, ಹರಿಕಥೆಯ ವಾತಾವರಣ. ಅಣ್ಣ ವಿಮಲಾನಂದ ದಾಸರು ಕಥಾಕೀರ್ತನೆ ಮಾಡುತ್ತಿದ್ದರು. ಚಿಕ್ಕ ವಯಸ್ಸಿನಲ್ಲೇ ಪಂಡರಿಬಾಯಿ ಕೂಡ ಹರಿಕಥೆಗೆ ನಿಂತರು. ತಂಗಿ ಮೈನಾವತಿ ಮುಂದೆ ಕನ್ನಡದ ಹೆಸರಾಂತ ನಟಿಯಾದರು.

ಹರಿಕಥೆ ಎಂದರೆ ಸುಲಭದ ಕೆಲಸವಲ್ಲ. ಚಿಪ್ಪಳೆ ಹಿಡಿದು ಒಬ್ಬರೇ ನಿಲ್ಲಬೇಕು. ರಾಜನೂ ನಾವೇ, ರಾಕ್ಷಸನೂ ನಾವೇ, ಅಳುವ ಹೆಂಡತಿಯೂ ನಾವೇ. ಅಂದಿನ ಕಾಲದಲ್ಲಿ ಒಬ್ಬ ಹುಡುಗಿ ನಾಲ್ಕು ಜನರ ಮುಂದೆ ಕಾಲಿಗೆ ಗೆಜ್ಜೆ ಕಟ್ಟಿ, ಧ್ವನಿ ಎತ್ತಿ ಕಥೆ ಹೇಳುವುದೇ ಒಂದು ದೊಡ್ಡ ಧೈರ್ಯ. ಒಂದೇ ಸಂಜೆಯಲ್ಲಿ ಎಲ್ಲ ಪಾತ್ರಗಳಿಗೂ ಧ್ವನಿ ಕೊಡುವ ಆ ತರಬೇತಿ ಮುಂದೆ ಅವರ ಕೈ ಹಿಡಿಯಿತು.

1943ರಲ್ಲಿ ‘ವಾಣಿ’ ಚಿತ್ರದ ಮೂಲಕ ಸಿನಿಮಾಕ್ಕೆ ಬಂದರು. ಕೆ. ಹಿರಣ್ಣಯ್ಯನವರ ಆ ಚಿತ್ರದಲ್ಲಿ ಪಿಟೀಲು ವಿದ್ವಾನ್ ಟಿ. ಚೌಡಯ್ಯನವರೂ ಇದ್ದರು. ಆಗ ಕನ್ನಡದಲ್ಲಿ ವರ್ಷಕ್ಕೆ ಬೆರಳೆಣಿಕೆಯ ಚಿತ್ರಗಳು ಬಂದರೆ ಹೆಚ್ಚು. ಸ್ಟುಡಿಯೋಗಳೆಲ್ಲ ಮದರಾಸಿನಲ್ಲಿ. ಹೊಟ್ಟೆಪಾಡಿಗೂ ಕಲೆಗೂ ಕನ್ನಡದ ನಟನಟಿಯರು ರೈಲು ಹತ್ತಿ ಅಲ್ಲಿಗೇ ಹೋಗಬೇಕಿತ್ತು. ಪಂಡರಿಬಾಯಿ ಕೂಡ ಹೋದರು. ಊರು ಬಿಟ್ಟು ಊರಿಗೆ ಬಂದು, ಪರಭಾಷೆ ಕಲಿತು, ಅಲ್ಲಿಯೇ ಮನೆ ಮಾಡಿಕೊಂಡು, ಒಳಗೆ ಕನ್ನಡತಿಯಾಗಿಯೇ ಉಳಿಯುವುದು ಎಂದರೆ ಏನೆಂದು ದೆಹಲಿಯ ನಮಗೆ ಬೇರೆ ಹೇಳಬೇಕಾಗಿಲ್ಲ.

1952ರಲ್ಲಿ ತಮಿಳಿನ ‘ಪರಾಶಕ್ತಿ’ ಬಂತು. ಶಿವಾಜಿ ಗಣೇಶನ್ ಅವರ ಮೊದಲ ಚಿತ್ರ. ಸಂಭಾಷಣೆ ಎಂ. ಕರುಣಾನಿಧಿಯವರದು. ಅದರ ನಾಯಕಿ ವಿಮಲಾ ನಮ್ಮ ಭಟ್ಕಳದ ಹುಡುಗಿ. ವಿಮಲಾ ಮರ ಸುತ್ತುವ ನಾಯಕಿಯಲ್ಲ. ನೊಂದು ಕಂಗೆಟ್ಟ ನಾಯಕನಿಗೆ ತನ್ನ ನೋವಿನಿಂದಾಚೆ ಸಮಾಜದ ನೋವನ್ನೂ ತೋರಿಸಿಕೊಡುವ, ವಿಚಾರವಂತೆಯಾದ ಹೆಣ್ಣು. ಮನೆಮಾತಲ್ಲದ ತಮಿಳಿನಲ್ಲಿ, ಅದೂ ಕರುಣಾನಿಧಿಯವರ ಪ್ರಾಸಬದ್ಧ ತಮಿಳಿನಲ್ಲಿ ಅಂಥ ಪಾತ್ರ ಮಾಡಿ ಸೈ ಎನಿಸಿಕೊಂಡರು.

1954: ಎರಡು ತಿಂಗಳು, ಇಬ್ಬರು ಹೆಂಡತಿಯರು

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. 1954ರ ಮೇ ತಿಂಗಳಲ್ಲಿ ‘ಬೇಡರ ಕಣ್ಣಪ್ಪ’ ಬಿಡುಗಡೆಯಾಯಿತು. ಎಚ್.ಎಲ್.ಎನ್. ಸಿಂಹ ನಿರ್ದೇಶಕರು. ಮುತ್ತುರಾಜ್ ಎಂಬ ರಂಗನಟ ರಾಜ್‌ಕುಮಾರ್ ಆದದ್ದು ಈ ಚಿತ್ರದಿಂದ. ಅವರಿಗೆ ಜೋಡಿಯಾದ ನೀಲಾ ನಮ್ಮ ಪಂಡರಿಬಾಯಿ. ಬೇಡರ ದಿಣ್ಣನ ಹೆಂಡತಿ. ಗಂಡನ ಹಸಿವು ತನ್ನ ಹಸಿವು, ಗಂಡನ ಅವಮಾನ ತನ್ನ ಅವಮಾನ, ಕೊನೆಗೆ ಗಂಡನ ದೇವರು ತನ್ನ ದೇವರು. ಕನ್ನಡಿಗರ ಮನೆಮನೆಯಲ್ಲಿ ಪಂಡರಿಬಾಯಿ ಹೆಸರು ನಿಂತದ್ದು ಈ ನೀಲಾಳಿಂದಲೇ.

ಅದಕ್ಕೆ ಕೇವಲ ಒಂದು ತಿಂಗಳು ಮೊದಲು, ಏಪ್ರಿಲ್‌ನಲ್ಲಿ, ತಮಿಳಿನಲ್ಲಿ ‘ಅಂದ ನಾಳ್’ ಬಂದಿತ್ತು. ಆ ದಿನ ಎಂದು ಅದರ ಅರ್ಥ. ನಿರ್ಮಾಣ ಎವಿಎಂ. ನಿರ್ದೇಶಕರು ವೀಣಾ ವಿದ್ವಾಂಸ ಎಸ್. ಬಾಲಚಂದರ್. ಒಂದೇ ಘಟನೆಯನ್ನು ಹಲವರು ಹಲವು ರೀತಿ ಹೇಳುವ ಜಪಾನಿನ ‘ರಾಶೊಮಾನ್’ ಚಿತ್ರದಿಂದ ಅವರು ಪ್ರೇರಣೆ ಪಡೆದಿದ್ದರು. ಕಥೆ, ಸಂಭಾಷಣೆ ಜಾವರ್ ಸೀತಾರಾಮನ್ ಅವರದು. ಸಿಐಡಿ ಅಧಿಕಾರಿಯ ಪಾತ್ರವೂ ಅವರದೇ. ಹಾಡಿಲ್ಲ, ಕುಣಿತವಿಲ್ಲ, ಹೊಡೆದಾಟವಿಲ್ಲ. ಹತ್ತಾರು ಹಾಡುಗಳಿಲ್ಲದೆ ಸಿನಿಮಾವೇ ಇಲ್ಲ ಎನ್ನುತ್ತಿದ್ದ ಕಾಲದಲ್ಲಿ ಅದು ಹುಚ್ಚು ಸಾಹಸ.

ಕಥೆಯ ಗುಟ್ಟು ಬಿಟ್ಟುಕೊಡುತ್ತಿದ್ದೇನೆ, ಕ್ಷಮಿಸಿ. 70 ವರ್ಷ ದಾಟಿದ ಗುಟ್ಟಿಗೆ ಅಷ್ಟು ರಿಯಾಯಿತಿ ಇರಲಿ. ಎರಡನೇ ಮಹಾಯುದ್ಧದ ಕಾಲ. 1943ರಲ್ಲಿ ಮದರಾಸಿನ ಮೇಲೆ ಜಪಾನಿನ ವಿಮಾನ ಬಾಂಬು ಹಾಕಿದೆ. ಮರುದಿನ ಬೆಳಿಗ್ಗೆ ರೇಡಿಯೋ ಎಂಜಿನಿಯರ್ ರಾಜನ್ ತನ್ನ ಮನೆಯಲ್ಲೇ ಗುಂಡೇಟಿನಿಂದ ಸತ್ತು ಬಿದ್ದಿದ್ದಾನೆ. ಆ ಪಾತ್ರ ಶಿವಾಜಿಯವರದು. ಸಿಐಡಿ ಬರುತ್ತಾನೆ. ನೆರೆಮನೆಯ ಮುದುಕ, ತಮ್ಮ, ತಮ್ಮನ ಹೆಂಡತಿ, ರಾಜನ್‌ಗೆ ಸಂಬಂಧವಿದ್ದ ಇನ್ನೊಬ್ಬ ಹೆಣ್ಣು, ಒಬ್ಬೊಬ್ಬರದೂ ಒಂದೊಂದು ಕಥೆ, ಒಬ್ಬೊಬ್ಬರೂ ಇನ್ನೊಬ್ಬರ ಕಡೆ ಬೆರಳು ತೋರಿಸುತ್ತಾರೆ. ಹೆಂಡತಿ ಉಷಾಳ ಕಡೆ ಮಾತ್ರ ಬೇಗ ಯಾರ ಕಣ್ಣೂ ಹೋಗುವುದಿಲ್ಲ. ಗಂಡನನ್ನು ಕಳೆದುಕೊಂಡು ಕುಳಿತವಳ ಮೇಲೆ ಅನುಮಾನ ಪಡುವುದು ಹೇಗೆ? ಅಳುವುದಷ್ಟೇ ಅವಳ ಕೆಲಸ ಎಂದು ತೆರೆಯ ಮೇಲಿನವರೂ, ಕುರ್ಚಿಯಲ್ಲಿ ಕೂತ ನಾವೂ ಮೊದಲೇ ತೀರ್ಮಾನಿಸಿರುತ್ತೇವೆ. ಚಿತ್ರದ ಜಾಣತನ ಇರುವುದೇ ಇಲ್ಲಿ. ಹೆಂಡತಿ ಎಂಬ ಪದವನ್ನೇ ಅದು ಮರೆಯಾಗಿ ಬಳಸಿಕೊಂಡಿದೆ.

ಗುಂಡು ಹಾರಿದ್ದು ಉಷಾಳ ಕೈಯಿಂದ. ತನ್ನ ಸಂಶೋಧನೆಗೆ ಇಲ್ಲಿ ಬೆಲೆ ಸಿಗಲಿಲ್ಲವೆಂದು ರಾಜನ್ ಶತ್ರುಗಳಿಗೆ ರಹಸ್ಯ ಮಾರುವ ದೇಶದ್ರೋಹಿಯಾಗಿದ್ದಾನೆ. ಉಷಾಗೆ ಅದು ಗೊತ್ತಾಗುತ್ತದೆ. ತಿದ್ದಲು ನೋಡುತ್ತಾಳೆ. ಪೊಲೀಸರಿಗೆ ಶರಣಾಗು ಎಂದು ಬೇಡುತ್ತಾಳೆ. ಅವನು ಕೇಳುವುದಿಲ್ಲ. ಪಿಸ್ತೂಲು ಎತ್ತುತ್ತಾಳೆ. ಎತ್ತಿದ ಕೈ ಹಿಂಜರಿಯುತ್ತದೆ, ಆ ಹಿಂಜರಿಕೆಯಲ್ಲೇ ಗುಂಡು ಹಾರುತ್ತದೆ.

ಇಲ್ಲಿ ಒಂದು ಕ್ಷಣ ನಿಲ್ಲಬೇಕು. 1954ರ ಸಿನಿಮಾ ಹೆಣ್ಣಿಗೆ ಪಿಸ್ತೂಲು ಕೊಟ್ಟಿತು, ಆದರೆ ಪೂರ್ತಿ ಕೊಡಲಿಲ್ಲ. ಅವಳು ತನಗಾದ ಅನ್ಯಾಯಕ್ಕೆ ಎತ್ತಿದ್ದಲ್ಲ. ಗಂಡನ ಪರಸ್ತ್ರೀ ಸಂಬಂಧಕ್ಕೂ ಎತ್ತಿದ್ದಲ್ಲ. ದೇಶಕ್ಕಾಗಿ ಎತ್ತಿದಳು. ದೇಶ ಎಂಬ ದೊಡ್ಡ ಕಾರಣ ಇದ್ದದ್ದರಿಂದಲೇ ಪ್ರೇಕ್ಷಕರು ಅದನ್ನು ತಡೆದುಕೊಂಡಾರು ಎಂಬ ಲೆಕ್ಕ ಇದ್ದಿರಬೇಕು. ಗುಂಡು ಹಾರುವ ಗಳಿಗೆಯಲ್ಲೂ ಅವಳ ಕೈ ನಡುಗಿಸಿ, ಪತ್ನಿಯ ಪ್ರೀತಿಗೆ ಮರ್ಯಾದೆ ಕೊಡಲಾಗಿದೆ. ಇಷ್ಟೆಲ್ಲ ಕಾವಲಿದ್ದರೂ ಆ ಕಾಲಕ್ಕೆ ಇದು ಸಣ್ಣ ಮಾತಲ್ಲ. ಪತಿಯೇ ಪರದೈವ ಎಂಬ ಮಾತಿನ ಎದುರು ಒಬ್ಬ ಗೃಹಿಣಿ ಸರಿ ತಪ್ಪುಗಳ ಲೆಕ್ಕವನ್ನು ತಾನೇ ಮಾಡುತ್ತಾಳೆ. ಸಿಐಡಿ ಗಂಡಸು ಎಲ್ಲರ ಹೇಳಿಕೆ ಬರೆದುಕೊಂಡು ಕೊನೆಗೆ ಕಂಡುಹಿಡಿದದ್ದನ್ನು, ಅದೇ ಮನೆಯ ಅಡುಗೆಮನೆಯಿಂದ ಬಂದ ಹೆಣ್ಣು ಮೊದಲೇ ಪತ್ತೆಹಚ್ಚಿ ಮುಗಿಸಿರುತ್ತಾಳೆ. ಬ್ಯಾಡ್ಜು ಇಲ್ಲದ ಪೊಲೀಸು ಅವಳು!

ನಟಿಗೂ ಅದು ಕಠಿಣ ಪರೀಕ್ಷೆ. ಅಂದಿನ ಚಿತ್ರಗಳಲ್ಲಿ ಹೆಣ್ಣಿನ ದುಃಖಕ್ಕೆ ಒಂದು ಹಾಡು ಕಾದಿರುತ್ತಿತ್ತು. ಅರ್ಧ ಅಭಿನಯವನ್ನು ಹಿನ್ನೆಲೆ ಗಾಯಕಿಯೇ ಮಾಡಿಕೊಡುತ್ತಿದ್ದರು. ‘ಅಂದ ನಾಳ್’ನಲ್ಲಿ ಹಾಡೇ ಇಲ್ಲ. ಮುಖ, ಕಣ್ಣು, ಮಾತಿನ ಏರಿಳಿತ, ಇಷ್ಟರಲ್ಲೇ ಗುಟ್ಟು ಮುಚ್ಚಿಡಬೇಕು, ಇಷ್ಟರಲ್ಲೇ ಬಿಚ್ಚಿಡಬೇಕು. ಹರಿಕಥೆಯ ವೇದಿಕೆಯಲ್ಲಿ ಒಬ್ಬರೇ ನಿಂತು ಕಲಿತದ್ದು ಇಲ್ಲಿ ಫಲಕೊಟ್ಟಿತು ಎಂದು ನನ್ನ ನಂಬಿಕೆ.

ದೆಹಲಿಗೆ ಬಂದ ಎರಡು ಪ್ರಶಸ್ತಿ ಪತ್ರ

ಈ ಕಥೆಗೆ ನಮ್ಮ ದೆಹಲಿಯ ನಂಟೂ ಇದೆ. 1954ರ ಚಿತ್ರಗಳಿಗೆ ಎರಡನೇ ಸಾಲಿನ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳನ್ನು ಕೊಟ್ಟದ್ದು 1955ರ ಡಿಸೆಂಬರ್‌ನಲ್ಲಿ, ದೆಹಲಿಯಲ್ಲಿ. ಕನ್ನಡದಿಂದ ‘ಬೇಡರ ಕಣ್ಣಪ್ಪ’ಕ್ಕೆ ಅರ್ಹತಾ ಪತ್ರ ಬಂತು. ಕನ್ನಡ ಚಿತ್ರವೊಂದಕ್ಕೆ ಬಂದ ಮೊದಲ ರಾಷ್ಟ್ರೀಯ ಗೌರವ ಅದು. ತಮಿಳಿನಲ್ಲಿ ‘ಅಂದ ನಾಳ್’ಗೂ ಅರ್ಹತಾ ಪತ್ರ ಬಂತು. ಎರಡು ಭಾಷೆ, ಎರಡು ಚಿತ್ರ, ನಾಯಕಿ ಒಬ್ಬರೇ. ನಟಿಯರಿಗೆಂದು ರಾಷ್ಟ್ರೀಯ ಪ್ರಶಸ್ತಿ ಕೊಡುವ ಪದ್ಧತಿ ಆಗ ಇನ್ನೂ ಇರಲಿಲ್ಲ. ಹಾಗಾಗಿ ಗಂಡನ ದೇವರಿಗೆ ಕೈಮುಗಿದ ನೀಲಾಳನ್ನೂ, ಗಂಡನ ದ್ರೋಹಕ್ಕೆ ಪಿಸ್ತೂಲು ಎತ್ತಿದ ಉಷಾಳನ್ನೂ ಒಂದೇ ವರ್ಷ ಮಾಡಿದ ಹೆಣ್ಣಿನ ಹೆಸರು ಆ ಪಟ್ಟಿಯಲ್ಲಿ ಪ್ರತ್ಯೇಕವಾಗಿ ಕಾಣುವುದಿಲ್ಲ.

ಮುಂದೆ ಏನಾಯಿತು? ‘ಬೇಡರ ಕಣ್ಣಪ್ಪ’ ಗೆದ್ದಿತು. ‘ಅಂದ ನಾಳ್’ ಮೊದಲ ಬಿಡುಗಡೆಯಲ್ಲಿ ದುಡ್ಡು ಮಾಡಲಿಲ್ಲ. ಹಾಡಿಲ್ಲದ ಚಿತ್ರ ಜನಕ್ಕೆ ರುಚಿಸಲಿಲ್ಲ. ಅದರ ಬೆಲೆ ಗೊತ್ತಾದದ್ದು ಬಹಳ ಕಾಲದ ನಂತರ. ಸಿನಿಮಾ ಉದ್ಯಮ ಲಾಭದ ಭಾಷೆ ಬಲ್ಲದು. ನೀಲಾಳಿಗೆ ಮಾರುಕಟ್ಟೆ ಇದೆ, ಉಷಾಳಿಗೆ ಇಲ್ಲ ಎಂದು ಅದು ತೀರ್ಮಾನಿಸಿದಂತಿದೆ. ಪಂಡರಿಬಾಯಿ ಅವರ ಮುಂದಿನ ಬದುಕು ಆ ತೀರ್ಮಾನದ ಕಥೆ.

ನಾಯಕಿಯಿಂದ ಅಮ್ಮನಿಗೆ

‘ಸೋದರಿ’, ‘ಭಕ್ತ ವಿಜಯ’, ‘ಹರಿಭಕ್ತ’, ‘ರಾಯರ ಸೊಸೆ’ ಹೀಗೆ ರಾಜ್‌ಕುಮಾರ್ ಜೊತೆ ಸಾಲು ಚಿತ್ರಗಳು ಬಂದವು. 1957ರಲ್ಲಿ ಹಿಂದಿಯ ‘ಭಾಭಿ’ ಬಂತು. ಬಲರಾಜ್ ಸಾಹ್ನಿ ಅವರ ಪತ್ನಿಯಾಗಿ, ಮೈದುನರನ್ನು ಮಕ್ಕಳಂತೆ ಸಾಕುವ ಅತ್ತಿಗೆಯಾಗಿ ನಟಿಸಿದವರು ಪಂಡರಿಬಾಯಿ. ನಿಮ್ಮ ಪಕ್ಕದ ಮನೆಯ ಹಿರಿಯ ಪಂಜಾಬಿ ಆಂಟಿಯನ್ನು ಕೇಳಿ ನೋಡಿ, ಆ ಭಾಭಿ ಅವರಿಗೆ ನೆನಪಿರಬಹುದು. ಅವರು ಭಟ್ಕಳದವರು ಎಂದು ನೀವು ಹೇಳಿದರೆ ಅಚ್ಚರಿಪಡುತ್ತಾರೆ. 1959ರಲ್ಲಿ ಕನ್ನಡದ ‘ಅಬ್ಬಾ ಆ ಹುಡುಗಿ’ ಬಂದಾಗ ಗಂಡಸರನ್ನು ಕಂಡರಾಗದ ಹಟಮಾರಿ ಹುಡುಗಿಯಾಗಿ ಮಿಂಚಿದವರು ತಂಗಿ ಮೈನಾವತಿ. ಸೌಮ್ಯ ಪಾತ್ರ ಅಕ್ಕನ ಪಾಲಿಗೆ. ಹಟಮಾರಿ ಹುಡುಗಿ ಕೊನೆಗೆ ಬಗ್ಗಲೇಬೇಕಿತ್ತು, ಅದು ಬೇರೆ ಮಾತು.

1960ರ ದಶಕಕ್ಕೆ ಬರುವಷ್ಟರಲ್ಲಿ ಅಮ್ಮನ ಪಾತ್ರಗಳು ಶುರುವಾದವು. ಇಲ್ಲಿ ವಯಸ್ಸಿನ ಲೆಕ್ಕ ನೋಡಬೇಕು. 1968ರ ‘ಕುಡಿಯಿರುಂದ ಕೋಯಿಲ್’ ಚಿತ್ರದಲ್ಲಿ ಅವರು ಎಂ.ಜಿ.ಆರ್. ಅವರ ತಾಯಿ. ಎಂ.ಜಿ.ಆರ್. ಹುಟ್ಟಿದ್ದು 1917ರಲ್ಲಿ, ಅಂದರೆ ಮಗನೇ ತಾಯಿಗಿಂತ ಹತ್ತು ವರ್ಷಕ್ಕೂ ದೊಡ್ಡವನು! 1969ರ ‘ದೈವ ಮಗನ್’ನಲ್ಲಿ ಶಿವಾಜಿಯವರಿಗೆ ತ್ರಿಪಾತ್ರ. ಅಪ್ಪನೂ ಅವರೇ, ಇಬ್ಬರು ಗಂಡುಮಕ್ಕಳೂ ಅವರೇ. ಪಂಡರಿಬಾಯಿ ಒಬ್ಬ ಶಿವಾಜಿಗೆ ಹೆಂಡತಿ, ಇನ್ನಿಬ್ಬರು ಶಿವಾಜಿಗೆ ತಾಯಿ. ‘ಪರಾಶಕ್ತಿ’ಯ ನಾಯಕಿ 17 ವರ್ಷದಲ್ಲಿ ಅದೇ ನಾಯಕನ ತಾಯಿಯಾದರು. ನಾಯಕನಿಗೆ ಮಾತ್ರ ವಯಸ್ಸಾಗಲಿಲ್ಲ.

1986ರ ‘ಅನುರಾಗ ಅರಳಿತು’ ನಮ್ಮೆಲ್ಲರ ಅಚ್ಚುಮೆಚ್ಚಿನ ಚಿತ್ರ. ಎಚ್.ಜಿ. ರಾಧಾದೇವಿ ಅವರ ಕಾದಂಬರಿ ಆಧಾರಿತ. ಅದರಲ್ಲಿ ರಾಜ್‌ಕುಮಾರ್ ಅವರ ತಾಯಿಯಾಗಿ ಪಂಡರಿಬಾಯಿ ನಟಿಸಿದರು. 32 ವರ್ಷ ಹಿಂದೆ ಕಣ್ಣಪ್ಪನಿಗೆ ನೀಲಾ, ಈಗ ಅಮ್ಮ. ನಿಜ ಬದುಕಿನಲ್ಲಿ ಇಬ್ಬರೂ ಹೆಚ್ಚುಕಡಿಮೆ ಸಮವಯಸ್ಕರು. ಅದನ್ನು ನೋಡುವಾಗ ನಮಗ್ಯಾರಿಗೂ ಇದು ವಿಚಿತ್ರ ಎನಿಸಲೇ ಇಲ್ಲ ಎಂಬುದೇ ವಿಚಿತ್ರ.

ಖಾಕಿಯೂ ಕುಂಕುಮವೂ ಒಂದೇ ಚಿತ್ರದಲ್ಲಿ

ಈ ನಡುವೆ ಹೊರಗಿನ ಲೋಕ ಬದಲಾಗುತ್ತಿತ್ತು. 1973ರಲ್ಲಿ ಕೋಝಿಕ್ಕೋಡ್‌ನಲ್ಲಿ ದೇಶದ ಮೊದಲ ಮಹಿಳಾ ಪೊಲೀಸ್ ಠಾಣೆ ತೆರೆಯಿತು. 1975ರಲ್ಲಿ ಜೀಜಾ ಹರಿಸಿಂಗ್ ದಕ್ಷಿಣ ಭಾರತದ ಮೊದಲ ಮಹಿಳಾ ಐಪಿಎಸ್ ಅಧಿಕಾರಿಯಾಗಿ ಕರ್ನಾಟಕಕ್ಕೆ ಬಂದರು. ಸಿನಿಮಾ ನಿಧಾನವಾಗಿ ಹಿಂದೆ ಬಂತು. 1983ರ ‘ಅಂಧಾ ಕಾನೂನ್’ನಲ್ಲಿ ಹೇಮಾಮಾಲಿನಿ ಪೊಲೀಸ್ ಅಧಿಕಾರಿಯಾದರು. 1990ರಲ್ಲಿ ಕಿರಣ್ ಬೇಡಿ ಅವರಿಂದ ಸ್ಫೂರ್ತಿ ಪಡೆದ ತೆಲುಗಿನ ‘ಕರ್ತವ್ಯಂ’ ಬಂತು. ವಿಜಯಶಾಂತಿ ಅವರಿಗೆ ಶ್ರೇಷ್ಠ ನಟಿ ರಾಷ್ಟ್ರೀಯ ಪ್ರಶಸ್ತಿ ತಂದುಕೊಟ್ಟಿತು. ಕನ್ನಡದಲ್ಲಿ ಮಾಲಾಶ್ರೀ ಲಾಠಿ ಹಿಡಿದರು. ಆದರೆ ಈ ಪೊಲೀಸ್ ಹೆಣ್ಣುಗಳು ಬಹುಮಟ್ಟಿಗೆ ಗಂಡು ಹೀರೋನ ಅಚ್ಚಿನಲ್ಲೇ ಬಂದವರು. ಅದೇ ಹೊಡೆತ, ಅದೇ ಅಬ್ಬರ. ಉಷಾಳ ಹಾಗೆ ಒಳಗೊಳಗೇ ಯೋಚಿಸಿ ತೀರ್ಮಾನಿಸುವ ಹೆಣ್ಣು ಅವರಲ್ಲಿ ಕಡಿಮೆ.

‘ಅನುರಾಗ ಅರಳಿತು’ 1992ರಲ್ಲಿ ತಮಿಳಿನಲ್ಲಿ ‘ಮನ್ನನ್’ ಆಯಿತು. ನಾಯಕ ರಜನಿಕಾಂತ್. ತಾಯಿ ಮತ್ತೆ ಪಂಡರಿಬಾಯಿ. ಕಂಪನಿಯ ಒಡತಿಯಾದ ದರ್ಪದ ಹೆಣ್ಣಾಗಿ ಬಂದವರು ಅದೇ ವಿಜಯಶಾಂತಿ! ಎರಡು ವರ್ಷ ಹಿಂದೆ ಖಾಕಿ ತೊಟ್ಟು ದೇಶವನ್ನೇ ಬೆರಗುಗೊಳಿಸಿದವರು ಇಲ್ಲಿ ಕೊನೆಗೆ ಕಂಪನಿ ಬಿಟ್ಟು ಮನೆ ಹಿಡಿಯುವ ಸೊಸೆ. ಬೆಳ್ಳಿತೆರೆಯ ಅತಿ ಹೆಸರಾದ ಪೊಲೀಸ್ ಹೆಣ್ಣೂ, ಗಂಡನಿಗೆ ಗುಂಡಿಟ್ಟ ಹಳೆಯ ಉಷಾಳೂ ಅತ್ತೆ ಸೊಸೆಯಾಗಿ ಒಂದೇ ಚಿತ್ರದಲ್ಲಿ. ಇಬ್ಬರ ಕೈಯಿಂದಲೂ ಪಿಸ್ತೂಲು ಕಸಿದುಕೊಂಡಾಗಿತ್ತು. ಚಿತ್ರ ಭಾರೀ ಯಶಸ್ಸು ಕಂಡಿತು. ನಾವೂ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದೆವು.

ಇದನ್ನು ಹೇಳಿ ಪಂಡರಿಬಾಯಿ ಅವರನ್ನು ಪಾಪದ ಹೆಂಗಸು ಎಂದು ತೋರಿಸುವ ಉದ್ದೇಶ ನನಗಿಲ್ಲ. ನಾಯಕಿಯ ವಯಸ್ಸು ದಾಟಿದ ಕೂಡಲೇ ಮರೆಯಾದ ನಟಿಯರು ಎಷ್ಟೋ ಮಂದಿ. ಅವರು ಐದು ದಶಕ ದುಡಿದರು, ನಾಲ್ಕು ಭಾಷೆಗಳಲ್ಲಿ ನೂರಾರು ಚಿತ್ರಗಳಲ್ಲಿ ನಟಿಸಿದರು. ಸಿಕ್ಕ ಪಾತ್ರ ಚಿಕ್ಕದಾದರೂ ಅದಕ್ಕೊಂದು ಘನತೆ ತಂದರು. ಅವರು ತೆರೆಯ ಮೇಲೆ ಅತ್ತರೆ ಅದು ನಾಟಕ ಎನಿಸುತ್ತಿರಲಿಲ್ಲ. ಕರ್ನಾಟಕ ಸರ್ಕಾರ ಡಾ. ರಾಜ್‌ಕುಮಾರ್ ಪ್ರಶಸ್ತಿ ಕೊಟ್ಟು ಗೌರವಿಸಿತು. 2003ರ ಜನವರಿ 29ರಂದು ಚೆನ್ನೈನಲ್ಲಿ ತೀರಿಕೊಂಡರು. ಅಂದು ಎಲ್ಲರೂ ನೆನೆದದ್ದು ಅಮ್ಮನನ್ನು.

ಆ ಅಮ್ಮನನ್ನು ನಾವೂ ಪ್ರೀತಿಸೋಣ. ಆದರೆ ಅವರ ಬಳಿ ಇನ್ನೂ ಏನೇನಿತ್ತು ಎಂದು ತಿಳಿಯಲು ‘ಅಂದ ನಾಳ್’ ಒಮ್ಮೆ ನೋಡಬೇಕು. ಭಾಷೆ ಬಾರದಿದ್ದರೂ ಚಿಂತೆಯಿಲ್ಲ, ಅವರ ಕಣ್ಣು ನೋಡಿದರೆ ಸಾಕು. ಆಮೇಲೆ ನಮ್ಮ ನಮ್ಮ ಮನೆಗಳನ್ನೂ ಒಮ್ಮೆ ನೋಡಿಕೊಳ್ಳೋಣ. ನಮ್ಮ ಅಮ್ಮ, ನಮ್ಮ ಅತ್ತೆ ಅಮ್ಮಂದಿರಾಗುವ ಮೊದಲು ಏನಾಗಿದ್ದರು, ಏನಾಗಬಲ್ಲವರಾಗಿದ್ದರು ಎಂದು ಕೇಳಿದ್ದೇವೆಯೇ? ಹರಿಕಥೆ ಹೇಳುತ್ತಿದ್ದರೋ, ಕಬಡ್ಡಿ ಆಡುತ್ತಿದ್ದರೋ, ಯಾವ ಅನ್ಯಾಯಕ್ಕೆ ಎದುರು ನಿಂತಿದ್ದರೋ? ಅವರು ನಮ್ಮ ನಡುವೆ ಇರುವಾಗಲೇ ಕೇಳಿ ಬರೆದಿಟ್ಟುಕೊಂಡರೆ, ಮುಂದಿನ ವರ್ಷದ ನಮ್ಮ ಸಂಚಿಕೆಗೆ ಲೇಖನಗಳಿಗೆ ಬರವಿರುವುದಿಲ್ಲ.